ಬಾಣಗಳ ಅಡಿಯಲ್ಲಿ ಆರಿದ ದೀಪ

ಕಂಬಕ್ಕೆ ಬಿಗಿದ ತರುಣ ದೇಹ. ಮೈತುಂಬ ನೆಟ್ಟ ಬಾಣಗಳು. ದೃಷ್ಟಿ ಮಾತ್ರ ಆಕಾಶದೆಡೆಗೆ. ಐರೋಪ್ಯ ಚಿತ್ರಶಾಲೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಈ ರೂಪ ಸಂತ ಸೆಬಾಸ್ಟಿಯನ್ನನದು. ರೋಮಿನ ಚಕ್ರವರ್ತಿ ಡಯೋಕ್ಲೀಷಿಯನ್ನನ ಸೇನೆಯಲ್ಲಿದ್ದ ಈತ, ಕ್ರೈಸ್ತನೆಂದು ತಿಳಿದೊಡನೆ ಬಿಲ್ಲಾಳುಗಳಿಗೆ ಗುರಿಯಾದನೆಂದು ಐತಿಹ್ಯ. ಸೋಜಿಗವೆಂದರೆ, ಅದೇ ಐತಿಹ್ಯದ ಪ್ರಕಾರ ಅವನು ಬಾಣಗಳಿಂದ ಸಾಯಲಿಲ್ಲ. ಐರೀನ್ ಎಂಬ ವಿಧವೆಯ ಶುಶ್ರೂಷೆಯಿಂದ ಬದುಕಿಕೊಂಡನು. ಮತ್ತೆ ಚಕ್ರವರ್ತಿಯ ಎದುರು ನಿಂತು ಅವನ ಕ್ರೌರ್ಯವನ್ನು ಖಂಡಿಸಿ, ದೊಣ್ಣೆಯ ಪೆಟ್ಟುಗಳಿಂದ ಮಡಿದನು.

ಹಾಗಾದರೆ ಇಟಲಿಯ ಪುನರುಜ್ಜೀವನ ಕಾಲದ ಚಿತ್ರಕಾರರು ದೊಣ್ಣೆಯನ್ನು ಬಿಟ್ಟು ಬಾಣಗಳನ್ನೇ ಏಕೆ ಆರಿಸಿಕೊಂಡರು?

ಉತ್ತರ ಪ್ಲೇಗಿನಲ್ಲಿದೆ. ಕಾಣದ ಕಡೆಯಿಂದ ಬಂದೆರಗುವ ವ್ಯಾಧಿಯನ್ನು ದೇವಕೋಪದ ಬಾಣವೆಂದು ಭಾವಿಸುವುದು ಗ್ರೀಕರ ಕಾಲದಿಂದ ಬಂದ ವಾಡಿಕೆ. 1347ರಲ್ಲಿ ಇಟಲಿಯನ್ನು ಹೊಕ್ಕ ಮಹಾಮಾರಿ ಮುಂದೆ ಮೂರು ಶತಮಾನಗಳ ಕಾಲ ಮರುಕಳಿಸುತ್ತಲೇ ಇತ್ತು. ಬಾಣ ನೆಟ್ಟರೂ ಬದುಕಿದವನು ತಮ್ಮ ಮಕ್ಕಳನ್ನೂ ಉಳಿಸಿಯಾನೆಂದು ಜನ ಅವನಿಗೆ ಮೊರೆಯಿಟ್ಟರು.

ಶಂಖಚಕ್ರಗಳಿಂದ ವಿಷ್ಣುವನ್ನು ಗುರುತಿಸುವಂತೆ, ಈ ಹುತಾತ್ಮರನ್ನು ಗುರುತಿಸುವುದು ಬಹುಮಟ್ಟಿಗೆ ಅವರ ಹಿಂಸೆಯ ಕುರುಹಿನಿಂದಲೇ. ರಫೇಲ್ ಸುಮಾರು 1507ರಲ್ಲಿ ರಚಿಸಿದ ಸಂತ ಕ್ಯಾಥರೀನ್, ತನ್ನನ್ನು ಸೀಳಲು ತಂದ ಚಕ್ರಕ್ಕೇ ಒರಗಿ ನಿಂತಿದ್ದಾಳೆ. 1541ರಲ್ಲಿ ಮುಗಿದ ಮೈಕೆಲೇಂಜೆಲೋವಿನ ‘ಅಂತಿಮ ತೀರ್ಪು’ ಚಿತ್ರದಲ್ಲಿ ಬಾರ್ಥಲೋಮಿಯೋ ಸುಲಿದ ತೊಗಲನ್ನು ಕೈಯಲ್ಲಿ ಹಿಡಿದಿದ್ದಾನೆ. ಹಲವರ ಕೈಯಲ್ಲಿ ಕಾಣುವ ತಾಳೆಯ ಗರಿ, ರೋಮನರಲ್ಲಿ ವಿಜಯದ ಚಿಹ್ನೆಯಾಗಿತ್ತು. ಸೋತವರಂತೆ ಸತ್ತವರೇ ಗೆದ್ದವರೆಂದು ಅದು ಸಾರುತ್ತದೆ. ಘಾತಕನ ಆಯುಧವೇ ಹುತಾತ್ಮನ ಲಾಂಛನವಾಯಿತು.

ಆಂಡ್ರಿಯಾ ಮಾಂಟೆನ್ಯಾ ಸೆಬಾಸ್ಟಿಯನ್ನನನ್ನು ಮೂರು ಬಾರಿ ಚಿತ್ರಿಸಿದನು. ವಿಯೆನ್ನಾದಲ್ಲಿರುವ ಚಿತ್ರದಲ್ಲಿ ಸಂತನನ್ನು ಕಟ್ಟಿರುವುದು ಪಾಳುಬಿದ್ದ ರೋಮನ್ ಕಮಾನಿನ ಕಂಬಕ್ಕೆ: ಸಾಮ್ರಾಜ್ಯ ಕುಸಿದಿದೆ, ಶ್ರದ್ಧೆ ನಿಂತಿದೆ. ಇಂದು ವೆನಿಸ್ಸಿನಲ್ಲಿರುವ ಕೊನೆಯ ಚಿತ್ರದಲ್ಲಿ ಕಮಾನೂ ಇಲ್ಲ, ಭೂದೃಶ್ಯವೂ ಇಲ್ಲ. ಕೆಳಗಿನ ಮೂಲೆಯಲ್ಲಿ ಆಗತಾನೆ ಆರಿ ಹೊಗೆಯಾಡುವ ಒಂದು ಮೇಣದ ಬತ್ತಿ. ಅದಕ್ಕೆ ಸುತ್ತಿದ ಪಟ್ಟಿಯ ಮೇಲಿನ ಲ್ಯಾಟಿನ್ ಬರಹದ ತಾತ್ಪರ್ಯ, ದೈವವೊಂದೇ ಸ್ಥಿರ, ಮಿಕ್ಕದ್ದೆಲ್ಲ ಹೊಗೆ ಎಂಬುದು.

ಜನ ಈ ಸಂತನಲ್ಲಿ ಬೇಡಿದ್ದು ಆಯುಸ್ಸನ್ನು. ವೃದ್ಧ ಚಿತ್ರಕಾರ ಅವನ ಕಾಲಬಳಿ ಇಟ್ಟದ್ದು ಆರಿದ ದೀಪವನ್ನು. 1506ರಲ್ಲಿ ಮಾಂಟೆನ್ಯಾ ತೀರಿಕೊಂಡಾಗ ಆ ಚಿತ್ರ ಅವನ ಕಾರ್ಯಶಾಲೆಯಲ್ಲಿಯೇ ಇತ್ತು.