ಅಗೋಚರ ದ್ರವ್ಯ ಮತ್ತು ‘ಸೋಮಾರಿ’ ಅನಿಲ

ವಿಶ್ವದಲ್ಲಿರುವ ದ್ರವ್ಯದ ಆರು ಪಾಲಿನಲ್ಲಿ ಐದು ಪಾಲು ಯಾವ ದೂರದರ್ಶಕಕ್ಕೂ ಗೋಚರಿಸುವುದಿಲ್ಲವೆಂಬುದು ಖಗೋಳವಿಜ್ಞಾನಿಗಳ ಲೆಕ್ಕ. ಕೋಮಾ ಎಂಬ ಗೆಲಾಕ್ಸಿಗಳ ಗುಚ್ಛವನ್ನು ಪರಿಶೀಲಿಸಿದ ಫ್ರಿಟ್ಸ್ ಜ್ವಿಕಿ, ಅಲ್ಲಿನ ಗೆಲಾಕ್ಸಿಗಳು ಚದುರಿಹೋಗದಂತೆ ಹಿಡಿದಿಡಲು ಕಾಣುವ ನಕ್ಷತ್ರಗಳ ಗುರುತ್ವ ಸಾಲದೆಂದು 1933ರಲ್ಲಿಯೇ ಹೇಳಿದ್ದರು. 1970ರ ದಶಕದಲ್ಲಿ ವೆರಾ ರೂಬಿನ್ ಮತ್ತು ಸಂಗಡಿಗರು ನಡೆಸಿದ ಅಳತೆಗಳಿಂದ ಈ ಮಾತಿಗೆ ಬಲ ಬಂದಿತು. ಇದನ್ನು ‘ಕಪ್ಪು ದ್ರವ್ಯ’ ಎನ್ನುವ ರೂಢಿ ನಮ್ಮಲ್ಲಿದೆ. ಆದರೆ ಕಪ್ಪು ವಸ್ತು ಬೆಳಕನ್ನು ಹೀರುತ್ತದೆ. ಇದಾದರೋ ಬೆಳಕನ್ನು ಹೀರುವುದೂ ಇಲ್ಲ, ಸೂಸುವುದೂ ಇಲ್ಲ. ಆದಕಾರಣ ‘ಅಗೋಚರ ದ್ರವ್ಯ’ ಎಂಬ ಮಾತೇ ಹೆಚ್ಚು ಸಮರ್ಪಕವೆಂದು ನನ್ನ ಎಣಿಕೆ.

ಈ ದ್ರವ್ಯ ಕಣರೂಪದ್ದಾಗಿದ್ದರೆ ಆ ಕಣಗಳು ಭೂಮಿಯನ್ನೂ ನಮ್ಮ ಶರೀರವನ್ನೂ ಸದಾ ಹಾದುಹೋಗುತ್ತಿರಬೇಕು. ಎಂದೋ ಒಮ್ಮೆ ಒಂದು ಕಣ ಪರಮಾಣುವಿನ ನ್ಯೂಕ್ಲಿಯಸ್ಸಿಗೆ ತಾಗಿದರೆ ಅದು ತುಸು ಸರಿದೀತು. ಆ ಸರಿತದ ಕುರುಹನ್ನು ಹಿಡಿಯಲು ಆಯ್ದುಕೊಂಡ ವಸ್ತುಗಳಲ್ಲಿ ಆರ್ಗಾನ್ ಒಂದು. 1894ರಲ್ಲಿ ರೇಲಿ ಮತ್ತು ರಾಮ್ಸೆ ಗಾಳಿಯಲ್ಲಿ ಕಂಡುಹಿಡಿದ ಈ ಅನಿಲದ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ‘ಸೋಮಾರಿ’ ಎಂದರ್ಥ. ಬೇರೆ ಧಾತುಗಳೊಡನೆ ಸುಲಭವಾಗಿ ಕೂಡದ ಸ್ವಭಾವ ಅದರದು. ಸೊನ್ನೆಗಿಂತ 186 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿದಾಗ ಅದು ದ್ರವವಾಗುತ್ತದೆ.

ಕಣವೊಂದು ತಾಗಿದಾಗ ದ್ರವ ಆರ್ಗಾನ್ ಅತಿನೇರಳೆ ಬೆಳಕಿನಲ್ಲಿ ಮಿನುಗುತ್ತದೆ. ಈ ಮಿನುಗಿನಲ್ಲಿ ಎರಡು ಅಂಶಗಳಿವೆ. ಒಂದು, ಸೆಕೆಂಡಿನ ಹತ್ತು ಕೋಟಿಯ ಒಂದು ಭಾಗದಷ್ಟು ಕಾಲದಲ್ಲಿ ಆರಿಹೋಗುತ್ತದೆ. ಇನ್ನೊಂದು, ಅದರ ಇನ್ನೂರು ಪಟ್ಟಿಗೂ ಹೆಚ್ಚು ಕಾಲ ಉಳಿಯುತ್ತದೆ. ಪೆಟ್ಟು ನ್ಯೂಕ್ಲಿಯಸ್ಸಿಗೆ ಬಿದ್ದಿದ್ದರೆ ಶೀಘ್ರ ಅಂಶವೂ, ಎಲೆಕ್ಟ್ರಾನಿಗೆ ಬಿದ್ದಿದ್ದರೆ ನಿಧಾನ ಅಂಶವೂ ಹೆಚ್ಚಾಗಿರುತ್ತದೆ. ಸಾಮಾನ್ಯ ವಿಕಿರಣ ಬಹುಮಟ್ಟಿಗೆ ಎಲೆಕ್ಟ್ರಾನುಗಳನ್ನೇ ಕೆಣಕುವುದರಿಂದ ಬೇಡದ ಮಿನುಗುಗಳನ್ನು ಹೀಗೆ ಬೇರ್ಪಡಿಸಬಹುದು. ಆರ್ಗಾನಿನ ನಿಜವಾದ ಹಿರಿಮೆ ಇದು.

ಅದರ ದೋಷವೂ ಅದರೊಳಗೇ ಇದೆ. ವಿಶ್ವಕಿರಣಗಳ ಹೊಡೆತದಿಂದ ಗಾಳಿಯ ಆರ್ಗಾನಿನಲ್ಲಿ ಆರ್ಗಾನ್-39 ಎಂಬ ವಿಕಿರಣಶೀಲ ಐಸೊಟೋಪು ಹುಟ್ಟುತ್ತಿರುತ್ತದೆ. ಇದರ ಅರ್ಧಾಯು 300 ವರ್ಷಗಳ ಆಸುಪಾಸು. ಗಾಳಿಯಿಂದ ತೆಗೆದ ಆರ್ಗಾನಿನ ಪ್ರತಿ ಕಿಲೋಗ್ರಾಮಿನಲ್ಲಿಯೂ ಸೆಕೆಂಡಿಗೆ ಸುಮಾರು ಒಂದು ಪರಮಾಣು ಹೀಗೆ ಕ್ಷಯಿಸುತ್ತದೆ. ಕೆನಡಾದ ಸಡ್ಬರಿಯಲ್ಲಿ ಎರಡು ಕಿಲೋಮೀಟರ್ ಆಳದಲ್ಲಿ ಸ್ಥಾಪಿತವಾದ ಡೀಪ್-3600 ಉಪಕರಣದಲ್ಲಿ ಸುಮಾರು 3.3 ಟನ್ ಆರ್ಗಾನ್ ತುಂಬಿದ್ದರು. ಅಂದರೆ ಸೆಕೆಂಡಿಗೆ ಮೂರು ಸಾವಿರ ಹುಸಿ ಮಿನುಗುಗಳು! ಇದಕ್ಕೆ ದೊರೆತ ಪರಿಹಾರ ಸ್ವಾರಸ್ಯವಾದುದು. ಭೂಗರ್ಭದಲ್ಲಿ ಪೊಟ್ಯಾಸಿಯಂ ಕ್ಷಯಿಸಿ ಹುಟ್ಟುವ ಆರ್ಗಾನಿಗೆ ವಿಶ್ವಕಿರಣಗಳ ಸೋಂಕಿಲ್ಲ. ಅಮೆರಿಕದ ಕೊಲರಾಡೋದಲ್ಲಿ ಇಂಗಾಲದ ಡೈಆಕ್ಸೈಡ್ ತೆಗೆಯುವ ಬಾವಿಗಳಿಂದ ಅದನ್ನು ಬೇರ್ಪಡಿಸಿ, ಇಟಲಿಯ ಗ್ರಾನ್ ಸಾಸೋ ಪರ್ವತದಡಿಯ ಡಾರ್ಕ್‌ಸೈಡ್-50 ಉಪಕರಣಕ್ಕೆ 2015ರಲ್ಲಿ ತುಂಬಿದರು. ಆರ್ಗಾನ್-39ರ ಪ್ರಮಾಣ 1400 ಪಟ್ಟು ತಗ್ಗಿತ್ತು.

ಫಲಿತಾಂಶವೇನೆಂದರೆ, 2018ರಲ್ಲಿ ಪ್ರಕಟವಾದ ಡಾರ್ಕ್‌ಸೈಡ್-50ರ 532 ದಿನಗಳ ದತ್ತಾಂಶದಲ್ಲಾಗಲಿ, 2019ರಲ್ಲಿ ಪ್ರಕಟವಾದ ಡೀಪ್-3600ರ 231 ದಿನಗಳ ದತ್ತಾಂಶದಲ್ಲಾಗಲಿ ಅಗೋಚರ ದ್ರವ್ಯದ್ದೆನ್ನಬಹುದಾದ ಒಂದು ಮಿನುಗೂ ಸಿಗಲಿಲ್ಲ. ಇದನ್ನು ಸೋಲೆನ್ನಲಾಗದು. ಇಂತಿಷ್ಟು ತೂಕದ ಕಣ ಇದಕ್ಕಿಂತ ಹೆಚ್ಚಾಗಿ ತಾಗಲಾರದೆಂಬ ಮಿತಿ ಇದರಿಂದ ತಿಳಿಯಿತು. ಮುಂದಿನ ಡಾರ್ಕ್‌ಸೈಡ್-20ಕೆ ಯೋಜನೆಗೆ ಭೂಗರ್ಭದ ಆರ್ಗಾನೇ ಹತ್ತಾರು ಟನ್ ಬೇಕು.

ಆದರೆ ಉಪಕರಣ ಹಿರಿದಾದಂತೆಲ್ಲ ಇನ್ನೊಂದು ತೊಡಕು ಸಮೀಪಿಸುತ್ತದೆ. ಅದಕ್ಕೂ ನಮ್ಮ ನಾಡಿಗೂ ಸಂಬಂಧವುಂಟು. 1965ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಜಪಾನ್ ಮತ್ತು ಇಂಗ್ಲೆಂಡಿನವರೊಡಗೂಡಿ, ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವನ್ನು ಹಿಡಿದಿದ್ದರು. ಆ ಗಣಿ 2001ರಲ್ಲಿ ಮುಚ್ಚಿತು. ಅಂದು ಅಷ್ಟು ಆಳಕ್ಕಿಳಿದು ಅರಸಿದ ಅದೇ ನ್ಯೂಟ್ರಿನೋಗಳು ಇಂದಿನ ಶೋಧಕ್ಕೆ ಅಡ್ಡಿಯಾಗಲಿವೆ. ಎಷ್ಟು ಆಳದ ಬಂಡೆಯೂ ಅವನ್ನು ತಡೆಯಲಾರದು. ಮೇಲಾಗಿ, ಅವು ನ್ಯೂಕ್ಲಿಯಸ್ಸನ್ನು ಸರಿಸುವ ಬಗೆಗೂ ಅಗೋಚರ ದ್ರವ್ಯ ಸರಿಸಬೇಕಾದ ಬಗೆಗೂ ವ್ಯತ್ಯಾಸ ತೋರದು.