ತುಟಿ ಮುಚ್ಚುವ ಎರಡು ಫ್ರೇಮು

ಬೆಂಗಳೂರಿನ ಡಿಸೈನ್ ಕಾಲೇಜೊಂದರ ಕಾರಿಡಾರಿನಲ್ಲಿ ಒಬ್ಬ ಹುಡುಗ ಕುಂಟುತ್ತ ಹೋಗುತ್ತಾನೆ, ತಿರುಗಿ ಕುಂಟುತ್ತ ಬರುತ್ತಾನೆ. ಗೆಳೆಯ ನೆಲದ ಮೇಲೆ ಕೂತು ಮೊಬೈಲಿನಲ್ಲಿ ಹಿಡಿಯುತ್ತಿದ್ದಾನೆ. ‘ಎಡಗಾಲಿಗೆ ಇನ್ನೊಂಚೂರು ನೋವು ಕೊಡೋ’ ಎಂಬ ಸಲಹೆ ಬೇರೆ. ಹಾದುಹೋಗುವ ಮೇಷ್ಟ್ರು ಕಣ್ಣೆತ್ತಿಯೂ ನೋಡುವುದಿಲ್ಲ. ಒಳಗೆ ಲ್ಯಾಬಿನಲ್ಲಿ ಮೇಜಿಗೊಂದು ಕೈಗನ್ನಡಿ. ಅದರೆದುರು ಒಬ್ಬಳು ಹುಬ್ಬೇರಿಸಿ, ಗಲ್ಲ ಉಬ್ಬಿಸಿ, ಸಿಟ್ಟಾಗಿ, ಪೆನ್ನು ಹಿಡಿದು ಟ್ಯಾಬ್ಲೆಟ್ಟಿನ ಮೇಲೆ ಗೀಚುತ್ತಾಳೆ. ಅನಿಮೇಷನ್ ಓದಲು ಬಂದವರ ಸಂಕೋಚ ಮೊದಲ ವರ್ಷದಲ್ಲೇ ಕಳಚಿಬಿದ್ದಿರುತ್ತದೆ.

ಆ ಮೊದಲ ವರ್ಷದಲ್ಲಿ ಕಥೆಯ ಮಾತೇ ಇಲ್ಲ. ಪುಟಿಯುವ ಚೆಂಡು, ಕುಸಿದು ಏಳುವ ಹಿಟ್ಟಿನ ಮೂಟೆ, ಆಮೇಲೆ ನಡೆಯುವ ಮನುಷ್ಯ. ಲೈಟ್ ಬಾಕ್ಸಿನ ಮೇಲೆ ತೂತು ಹೊಡೆದ ಹಾಳೆಗಳನ್ನು ಪೆಗ್‌ಗೆ ಸಿಕ್ಕಿಸಿ, ಕೆಳಗಿನ ಗೆರೆ ನೋಡಿಕೊಂಡು ಮೇಲಿನದನ್ನು ಎಳೆಯಬೇಕು. ಚೆಂಡು ರಬ್ಬರಿನದೋ ಕಬ್ಬಿಣದ್ದೋ ಎಂದು ಬಣ್ಣ ಹೇಳಬಾರದು, ಎರಡು ಚಿತ್ರಗಳ ನಡುವಿನ ಅಂತರ ಹೇಳಬೇಕು. ಏರಿ ನಿಲ್ಲುವಲ್ಲಿ ಚಿತ್ರಗಳು ಒತ್ತೊತ್ತಾಗಿ, ನೆಲ ಹತ್ತಿರವಾದಂತೆ ದೂರದೂರ. ಈ ಪಾಠ ನಮ್ಮಲ್ಲಿ ಹಳೆಯದು. 1956ರಲ್ಲಿ ಬಂದ, ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಅನಿಮೇಟರ್ ಕ್ಲೇರ್ ವೀಕ್ಸ್ ಮುಂಬಯಿಯ ಫಿಲ್ಮ್ಸ್ ಡಿವಿಷನ್ನಿನಲ್ಲಿ ನಮ್ಮವರ ಕೈ ಪಳಗಿಸಿ, ಮರುವರ್ಷವೇ ಜಾತಕ ಕಥೆಯೊಂದನ್ನು ‘ದಿ ಬನ್ಯನ್ ಡಿಯರ್’ ಎಂಬ ಚಿತ್ರವಾಗಿಸಿದರು. ಮೊದಲ ವರ್ಷ ದಾಟಿದರೆ ಈಗ ಕಾಗದ ಹೋಗಿ ಪರದೆ ಬಂದಿದೆ. ಚೆಂಡಿನಿಂದ ಮಾತ್ರ ಯಾರಿಗೂ ವಿನಾಯಿತಿ ಇಲ್ಲ.

ಕನ್ನಡಿಯೆದುರು ಕೂತವಳು ಶಿರಸಿ ಕಡೆಯವಳು, ಕೊನೆಯ ವರ್ಷ. ಅವಳ ಪದವಿ ಚಿತ್ರದಲ್ಲಿ ಒಬ್ಬ ಅಜ್ಜಿ, ಒಂದು ರಾತ್ರಿ, ಸುಲಿದಷ್ಟೂ ಮುಗಿಯದ ಅಡಿಕೆ. ನಾಲ್ಕು ನಿಮಿಷ ಎಂದು ಮೊದಲ ದಿನ ಸಲೀಸಾಗಿ ಹೇಳಿದ್ದಳು. ಸೆಕೆಂಡಿಗೆ 24 ಫ್ರೇಮು. ಒಂದೊಂದು ಚಿತ್ರವನ್ನು ಎರಡು ಫ್ರೇಮು ನಿಲ್ಲಿಸಿದರೂ 12 ಚಿತ್ರ. ನಾಲ್ಕು ನಿಮಿಷಕ್ಕೆ 2,880. ಬಣ್ಣ, ಹಿನ್ನೆಲೆ ಬೇರೆ. ಅಜ್ಜಿಯ ಪಕ್ಕ ಕೂರಬೇಕಿದ್ದ ಮೂವರು ಆಳುಗಳು ಕಥೆಯಿಂದ ಕಾಣೆಯಾದದ್ದು ಈ ಲೆಕ್ಕ ಹಾಕಿದ ಮೇಲೆಯೇ. ಮೇಷ್ಟ್ರು ಇದನ್ನು ಕಥೆ ಗಟ್ಟಿಯಾಯಿತು ಎನ್ನುತ್ತಾರೆ. ನಿಜ, ಗಟ್ಟಿಯಾಗಿದೆ.

ಸ್ಟೋರಿಬೋರ್ಡಿನ ಚೌಕಗಳನ್ನು ಸಾಲಾಗಿ ಜೋಡಿಸಿ, ಕಚ್ಚಾ ಧ್ವನಿ ಹಾಕಿ, ಚಿತ್ರದಷ್ಟೇ ಉದ್ದದ ಅನಿಮ್ಯಾಟಿಕ್ ಮಾಡಿ ಊರಿಗೆ ವಾಟ್ಸಾಪ್ ಮಾಡಿದಳು. ಚಿಕ್ಕಮ್ಮನ ವಾಯ್ಸ್ ಮೆಸೇಜ್ ಬಂತು. ಕಥೆಯ ಬಗ್ಗೆ ಚಕಾರವಿಲ್ಲ, ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಬಗ್ಗೆ ಮಾತ್ರ: ಹಲಗೆಯನ್ನು ಕಾಲಲ್ಲಿ ಮೆಟ್ಟಿ ಹಿಡಿಯದೆ ಅದು ಅಲ್ಲಾಡದೆ ನಿಲ್ಲುವುದು ಹೇಗೆ? ಅಡಿಕೆಯನ್ನು ಅಲಗಿಗೆ ಒತ್ತಿ ತಿರುಚಬೇಕಲ್ಲದೆ ತರಕಾರಿಯಂತೆ ಕತ್ತರಿಸುವುದುಂಟೇ? ಪದವಿ ಚಿತ್ರ ಅಳೆಯುವ ಜ್ಯೂರಿಯಲ್ಲಿ ಕೂರುವ ಯಾರೂ ಇಷ್ಟು ಸರಿಯಾಗಿ ಹಿಡಿಯುತ್ತಿರಲಿಲ್ಲ. ಭಾರ ಎಲ್ಲಿದೆ ಎಂಬುದೇ ಅನಿಮೇಷನ್ನಿನ ದೊಡ್ಡ ಪ್ರಶ್ನೆ. ಅಜ್ಜಿಯ ಭಾರವೆಲ್ಲ ಆ ಪಾದದಲ್ಲಿತ್ತು. ಸುಲಿಯುವ ಶಾಟ್‌ಗಳೆಲ್ಲ ಸೊಂಟದಿಂದ ಕೆಳಗೆ ಹೊಸದಾದವು.

ಇಡೀ ಚಿತ್ರದಲ್ಲಿ ಅಜ್ಜಿಗಿರುವುದು ಒಂದೇ ಮಾತು: ‘ಮಳೆ ಬಂತು ತಂಗೀ.’ ಮಾತಿಲ್ಲದೆಯೂ ಚಿತ್ರ ಮಾಡಬಹುದಿತ್ತು. ಅಹಮದಾಬಾದಿನ ಎನ್‌ಐಡಿಯಲ್ಲಿ ಕಲಿತ ಈಶು ಪಟೇಲರು ಕೆನಡಾದಲ್ಲಿ ಮಣಿಗಳನ್ನೇ ಸರಿಸಿ ಸರಿಸಿ ಮಾಡಿದ ‘ಬೀಡ್ ಗೇಮ್’ 1977ರದು, ಆಸ್ಕರ್ ನಾಮನಿರ್ದೇಶನದವರೆಗೆ ಹೋಯಿತು. ಅಲ್ಲಿ ಮಣಿಗಳು ಪ್ರಾಣಿಯಾಗಿ ಒಂದನ್ನೊಂದು ನುಂಗುತ್ತವೆ, ಒಂದು ಮಾತೂ ಆಡುವುದಿಲ್ಲ. ಅಜ್ಜಿಗೆ ಬಾಯಿ ಕೊಟ್ಟಿದ್ದರಿಂದ ಕಷ್ಟ ಶುರು. ಗೋಡೆಗೆ ಅಂಟಿಸಿದ ಪಟದಲ್ಲಿ ಬಾಯಿಯ ಆಕಾರಗಳೆಲ್ಲ ಇಂಗ್ಲಿಷ್ ಅಕ್ಷರಗಳ ಲೆಕ್ಕದಲ್ಲಿವೆ. ಅವಳು ಅದನ್ನು ಕಿತ್ತು ಪಕ್ಕಕ್ಕಿಟ್ಟು, ಒಂದನೇ ಕ್ಲಾಸಿನ ವರ್ಣಮಾಲೆ ಬರೆದುಕೊಂಡಳು. ನಮ್ಮ ವರ್ಗೀಯ ವ್ಯಂಜನಗಳು ಸಾಲಾಗಿ ನಿಂತಿರುವುದೇ ಬಾಯಿಯ ಲೆಕ್ಕದಲ್ಲಿ: ಕ ಸಾಲು ಗಂಟಲ ಹತ್ತಿರ, ಅಲ್ಲಿಂದ ಒಂದೊಂದೇ ಸಾಲು ಮುಂದೆ ಬಂದು ಪ ಸಾಲು ತುಟಿಯ ಮೇಲೆ. ಕ, ಗ, ತ ಹೊರಗಿನಿಂದ ಹೆಚ್ಚು ಕಾಣುವುದಿಲ್ಲ, ಅವನ್ನು ಸ್ವರಕ್ಕೇ ಬಿಟ್ಟುಬಿಡಬಹುದು. ಪ, ಬ, ಮ ಅಕ್ಷರಗಳಿಗೆ ಮಾತ್ರ ತುಟಿ ಮುಚ್ಚಲೇಬೇಕು, ಅದೂ ಕನಿಷ್ಠ ಎರಡು ಫ್ರೇಮು. ಇಲ್ಲದಿದ್ದರೆ ಕಣ್ಣಿಗೆ ದಕ್ಕುವುದಿಲ್ಲ, ಪಾತ್ರ ಜಗಿಯುತ್ತಿರುವಂತೆ ಕಾಣುತ್ತದೆ.

‘ಮಳೆ’ಯ ಮ: ಮುಚ್ಚಿದ ತುಟಿ. ಅಗಲ ತೆರೆದು ‘ಳೆ’. ‘ಬಂತು’ವಿನ ಬ: ಮತ್ತೆ ಮುಚ್ಚು. ‘ತು’ ಎನ್ನುವಾಗ ದುಂಡಗೆ ಮುಂದಕ್ಕೆ. ‘ಗೀ’ ಎಳೆದಷ್ಟು ಹೊತ್ತು ಹಲ್ಲು ಕಾಣಬೇಕು. ಅಜ್ಜಿಗೆ ಹಲ್ಲು ಎಷ್ಟಿವೆ? ಹೊಸ ಚರ್ಚೆ. ಪರದೆಯಲ್ಲಿ ಹಿಂದಿನ ಚಿತ್ರ ಕೆಂಪಾಗಿ, ಮುಂದಿನದು ಹಸಿರಾಗಿ ಮಸುಕು ಮಸುಕಾಗಿ ಕಾಣುತ್ತದೆ. ನಡುವೆ ಕಪ್ಪು ಗೆರೆಯಲ್ಲಿ ಈಗಿನ ಬಾಯಿ. ಧ್ವನಿಗಿಂತ ಒಂದು ಫ್ರೇಮು ಮೊದಲೇ ತುಟಿ ಮುಚ್ಚಿಸಿ ಓಡಿಸಿದಳು. ಅಜ್ಜಿ ಮಾತಾಡಿದಳು. ಪಕ್ಕದ ಮೇಜಿನವನು ಹೆಡ್‌ಫೋನ್ ತೆಗೆದು ‘ಇನ್ನೊಂದ್ಸಲ ಹಾಕು’ ಎಂದ.

ಉಳಿದದ್ದು ಸಿಪ್ಪೆ ಬಿಡುವ ಸದ್ದು. ಊರಿನ ರೆಕಾರ್ಡಿಂಗಿನಲ್ಲಿ ಅಡಿಕೆಗಿಂತ ಟಿವಿ ಧಾರಾವಾಹಿಯೇ ಜೋರು. ಮಾರ್ಕೆಟ್ಟಿನಿಂದ ಎಳನೀರು ಚಿಪ್ಪು ತಂದು ಸೀಳಿದರೆ ಕುದುರೆ ಗಾತ್ರದ ಅಡಿಕೆ ಸುಲಿದಂತೆ ಕೇಳಿಸಿತು. ಎಲೆಕೋಸಿನ ಎಲೆ ಪರವಾಗಿಲ್ಲ, ಆದರೆ ನೀರು ಹೆಚ್ಚು. ಜ್ಯೂರಿ ನಾಳಿದ್ದು. ಎಸಿ ಆರಿಸಿ, ಬಾಗಿಲಿಗೆ ಕಂಬಳಿ ಕಟ್ಟಿ, ನಾಲ್ವರು ಬೆವರುತ್ತ ಹಸಿ ಮೆಕ್ಕೆಜೋಳದ ಸಿಪ್ಪೆ ಎಳೆಯುತ್ತಿದ್ದಾರೆ. ಹೊರಗೆ ವಾಚ್‌ಮನ್ ಬಾಗಿಲು ಬಡಿದು, ಒಳಗೆ ಅಡುಗೆ ಮಾಡುವ ಹಾಗಿಲ್ಲ ಎನ್ನುತ್ತಿದ್ದಾನೆ.