ಅಜ್ಜನ ಜೀಪು ಎಣ್ಣೆ ಸೋರುತ್ತಿದೆಯೇ? ಟೈಮಿಂಗ್ ಕವರ್ ಕೊಳ್ಳುವ ಮುನ್ನ...



ಭಾನುವಾರದ ಕಾರ್ಯಕ್ರಮದಲ್ಲಿ ಒಮ್ಮೆ ‘ನಿಮ್ಮ ಮನೆಯಲ್ಲಿರುವ ಅತಿ ಹಳೆಯ ವಸ್ತು ಯಾವುದು?’ ಎಂದು ಕೇಳಿದ್ದೆ. ಗಡಿಯಾರ, ಗ್ರಾಮಫೋನು, ಅಜ್ಜಿಯ ಒರಳುಕಲ್ಲು ಎಲ್ಲ ಬಂದವು. ವಾಕಡದಿಂದ ಫೋನ್ ಮಾಡಿದವರೊಬ್ಬರು ಮಾತ್ರ, “ನಮ್ಮದು ಜೀಪು ಸರ್” ಅಂದರು. ಅವರ ಅಜ್ಜ ಸಕಲೇಶಪುರದ ತೋಟದಲ್ಲಿ ಓಡಿಸುತ್ತಿದ್ದ ವಿಲ್ಲೀಸ್ ಜೀಪು. ಲಾರಿಗೆ ಹಾಕಿಸಿ ತಂದು ಸೊಸೈಟಿಯ ಪಾರ್ಕಿಂಗಿನಲ್ಲಿ ನಿಲ್ಲಿಸಿದ್ದಾರೆ. ಇಂಜಿನ್ನಿನ ಮುಂಭಾಗದಿಂದ ಎಣ್ಣೆ ತೊಟ್ಟಿಕ್ಕಿ ನೆಲ ಕಪ್ಪಾಗಿದೆ, ಸೊಸೈಟಿಯಿಂದ ನೋಟಿಸೂ ಬಂದಿದೆ. ಗ್ಯಾರೇಜಿನವರ ಸಲಹೆ: “ಈ ಇಂಜಿನ್ ತೆಗೆದುಬಿಡಿ, ಡೀಸೆಲ್ ಕೂರಿಸೋಣ.” ಮೊಮ್ಮಗನಿಗೆ ಮನಸ್ಸಿಲ್ಲ. ಅಜ್ಜ ಹ್ಯಾಂಡಲ್ ಹೊಡೆದು ಚಾಲೂ ಮಾಡುತ್ತಿದ್ದ ಇಂಜಿನ್ ಅದು.

ನಾನು ಓದಿದ್ದು ಕನ್ನಡ ಬಿ.ಎ. ಛಂದಸ್ಸಿನ ಗಣ ಎಣಿಸಿ ಗೊತ್ತು, ಗೇರಿನ ಹಲ್ಲು ಎಣಿಸಿ ಗೊತ್ತಿರಲಿಲ್ಲ. ಆದರೂ ಹಿರಿಯ ಮೆಕ್ಯಾನಿಕ್ ಒಬ್ಬರ ಜೊತೆ ಎರಡು ಭಾನುವಾರ ಆ ಪಾರ್ಕಿಂಗಿನಲ್ಲಿ ಕೂತು ಕಲಿತದ್ದನ್ನು ನಿಮಗೂ ಹೇಳುತ್ತೇನೆ. ಊರಿನ ಕೊಟ್ಟಿಗೆಯಲ್ಲಿ ಇಂಥ ಜೀಪು ನಿಂತಿರುವವರು ನಮ್ಮ ಕೇಳುಗರಲ್ಲಿ ಇನ್ನೂ ಇದ್ದೀರಿ ಎಂಬುದು ನನ್ನ ಅಂದಾಜು.

ಮೊದಲು ನಿಮ್ಮದು ಫ್ಲ್ಯಾಟ್‌ಹೆಡ್ ಹೌದೋ ಅಲ್ಲವೋ ನೋಡಿಕೊಳ್ಳಿ. ಫ್ಲ್ಯಾಟ್‌ಹೆಡ್ಡಿನಲ್ಲಿ ವಾಲ್ವುಗಳೆಲ್ಲ ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನ ಒಳಗೇ ಇರುತ್ತವೆ. ಹಾಗಾಗಿ ಮೇಲಿನ ಹೆಡ್ ಚಪ್ಪಟೆ ಹಲಗೆಯ ಹಾಗೆ. ಅದರ ಮೇಲೆ ನಾಲ್ಕು ಸ್ಪಾರ್ಕ್ ಪ್ಲಗ್ ನೆಟ್ಟಗೆ ನಿಂತಿರುತ್ತವೆ. ಯುದ್ಧಕಾಲದ ವಿಲ್ಲೀಸ್ ಎಂಬಿ, ಆಮೇಲಿನ ಸಿಜೆ-2ಎ, ಸಿಜೆ-3ಎ ಜೀಪುಗಳಲ್ಲಿದ್ದದ್ದು ಇದೇ 2.2 ಲೀಟರಿನ, 60 ಅಶ್ವಶಕ್ತಿಯ ‘ಗೋ ಡೆವಿಲ್’ ಇಂಜಿನ್. ಹೆಡ್ಡಿನ ಮೇಲೆ ಡಬ್ಬಿಯಂಥ ವಾಲ್ವ್ ಕವರ್ ಕಂಡರೆ, ಬಾನೆಟ್ಟೂ ಎತ್ತರವಿದ್ದರೆ, ಅದು 1953ರಲ್ಲಿ ಬಂದ ಸಿಜೆ-3ಬಿಯ ಹರಿಕೇನ್ ಇಂಜಿನ್. ಮಹೀಂದ್ರಾದವರು ನಮ್ಮ ದೇಶದಲ್ಲಿ ಬಹುಕಾಲ ಮಾಡಿದ್ದು ಅದನ್ನೇ. ಅದರ ಲೆಕ್ಕ ಬೇರೆ.

ಇನ್ನು ಟೈಮಿಂಗ್ ಕವರ್. ಇಂಜಿನ್ನಿನ ಮುಂಭಾಗದಲ್ಲಿ, ಫ್ಯಾನ್ ಬೆಲ್ಟಿನ ಪುಲ್ಲಿಯ ಹಿಂದೆ ಇರುವ ತಗಡಿನ ಮುಚ್ಚಳ ಅದು. ಮುಚ್ಚಳ ತಾನೇ, ಯಾವುದಾದರೇನು ಎಂದು ನಾನೂ ಅಂದುಕೊಂಡಿದ್ದೆ. ನಮ್ಮ ಕೇಳುಗರು ಎಡವಿದ್ದೂ ಅಲ್ಲೇ. ಹಳೆಯ ಸಾಮಾನಿನ ಅಂಗಡಿಯಲ್ಲಿ ‘ವಿಲ್ಲೀಸ್ ಕವರ್’ ಎಂದು ಕೇಳಿ ಒಂದನ್ನು ತಂದಿದ್ದರು.

ವಿಷಯ ಏನೆಂದರೆ, ಈ ಇಂಜಿನ್ನಿನಲ್ಲಿ ಎರಡು ಜಾತಿ. ಎಂಬಿ ಜೀಪು ಮತ್ತು ಮೊದಮೊದಲ ಸಿಜೆ-2ಎಗಳಲ್ಲಿ ಕ್ರ್ಯಾಂಕಿನಿಂದ ಕ್ಯಾಮ್ ಶಾಫ್ಟಿಗೆ ಚೈನು. ಆಮೇಲಿನವುಗಳಲ್ಲಿ ಗೇರಿಗೆ ಗೇರು. ಚೈನಿದ್ದರೆ, ಸೈಕಲ್ಲಿನ ಹಾಗೆ, ಎರಡೂ ಒಂದೇ ದಿಕ್ಕಿಗೆ ತಿರುಗುತ್ತವೆ. ಗೇರಿದ್ದರೆ ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ. ಆದ್ದರಿಂದ ಕ್ಯಾಮ್ ಶಾಫ್ಟೇ ಬೇರೆ, ಅದು ತಿರುಗಿಸುವ ಆಯಿಲ್ ಪಂಪಿನ ಗೇರೂ ಬೇರೆ. ಡಿಸ್ಟ್ರಿಬ್ಯೂಟರ್ ತಿರುಗುವುದು ಆ ಪಂಪಿನ ಶಾಫ್ಟಿನಿಂದಲೇ. ಒಂದರ ಭಾಗ ಇನ್ನೊಂದಕ್ಕೆ ಸೇರಿಸಿದರೆ ಕೆಲಸ ಕೆಟ್ಟಂತೆಯೇ.

ಕವರಿಗೂ ಇದಕ್ಕೂ ಏನು ಸಂಬಂಧ? ಚೈನಿನ ಇಂಜಿನ್ನಿನಲ್ಲಿ ಕ್ಯಾಮ್ ಶಾಫ್ಟಿನ ಮೂತಿಯಲ್ಲಿ ಪುಟ್ಟ ಪ್ಲಂಜರು, ಅದಕ್ಕೊಂದು ಸ್ಪ್ರಿಂಗು ಇರುತ್ತದೆ. ಅದು ಕವರಿಗೆ ಒತ್ತಿ ನಿಂತು ಶಾಫ್ಟು ಹಿಂದೆ ಮುಂದೆ ಜಾರದಂತೆ ನೋಡಿಕೊಳ್ಳುತ್ತದೆ. ಅಂದರೆ ಆ ಕವರು ಬರೀ ಮುಚ್ಚಳವಲ್ಲ, ದುಡಿಯುವ ಭಾಗ. ಗೇರಿನ ಇಂಜಿನ್ನಿನಲ್ಲಿ ಈ ಕೆಲಸವನ್ನು ಗೇರಿನ ಹಿಂದೆ ಬ್ಲಾಕಿಗೆ ಬೋಲ್ಟ್ ಮಾಡಿದ ಪ್ಲೇಟು ಮಾಡುತ್ತದೆ. ಬೋಲ್ಟಿನ ತೂತು ಹೊಂದಿತೆಂದು ಹಿಗ್ಗಬೇಡಿ.

ಗುರುತಿಸಲು ಬ್ಲಾಕಿನ ಬಲಬದಿಯಲ್ಲಿ, ಎಣ್ಣೆ ಹಾಕುವ ಕೊಳವೆಯ ಬಳಿ, ಮಸಿ ಒರೆಸಿ ನೋಡಿ. ಅಚ್ಚಿನಲ್ಲೇ ಎರಕವಾದ ಅಂಕೆ 638632 ಇದ್ದರೆ ಚೈನಿನ ಬ್ಲಾಕು, 641087 ಇದ್ದರೆ ಗೇರಿನದು. ಆದರೆ ಎಪ್ಪತ್ತು ವರ್ಷದಲ್ಲಿ ಯಾರ್ಯಾರು ಏನೇನು ಬದಲಿಸಿದ್ದಾರೋ! ಕವರ್ ಬಿಚ್ಚಿ ಕಣ್ಣಾರೆ ಕಂಡ ಮೇಲೆಯೇ ದುಡ್ಡು ಕೊಡಿ. ನಮ್ಮ ಕೇಳುಗರ ಜೀಪಿನಲ್ಲಿದ್ದದ್ದು ಚೈನು, ತಂದ ಕವರು ಗೇರಿನದು. ಹಳೆಯ ಕವರ್ ತೆಗೆದಾಗ ಪ್ಲಂಜರಿನ ಸ್ಪ್ರಿಂಗೇ ಇರಲಿಲ್ಲ. ಹಿಂದೆಂದೋ ಬಿಚ್ಚಿದವರ ಕೈಯಿಂದ ಉರುಳಿ ಹೋಗಿರಬೇಕು.

ಬಿಚ್ಚುವಾಗ ಬ್ಯಾಟರಿ ತಂತಿ ತೆಗೆದು, ಚಕ್ರಕ್ಕೆ ಕಲ್ಲು ಕೊಟ್ಟು, ರೇಡಿಯೇಟರ್ ಹೊರಗಿಡಿ. ಇಂಜಿನ್ನನ್ನು ಕೈಯಲ್ಲಿ ತಿರುಗಿಸಿ ಒಂದನೇ ಪಿಸ್ಟನ್ ಮೇಲಕ್ಕೆ ಬರುವಂತೆ ಮಾಡಿಕೊಳ್ಳಿ. ಪುಲ್ಲಿಗೆ ಸುತ್ತಿಗೆ ಏಟು ಬೇಡ, ಪುಲ್ಲರ್ ಹಾಕಿ. ಸ್ಕ್ರೂಡ್ರೈವರಿನಿಂದ ಮೀಟುವುದಂತೂ ಬೇಡವೇ ಬೇಡ. ಗೇರಿನ ಇಂಜಿನ್ನಾದರೆ ಕ್ಯಾಮ್ ಗೇರಿನ ಹಲ್ಲು ಫೈಬರಿನದು, ಚೂರಾಗುತ್ತದೆ. ಕ್ರ್ಯಾಂಕಿನ ಮೇಲೆ ಎಣ್ಣೆ ಚಿಮ್ಮಿಸುವ ತಟ್ಟೆಯೊಂದಿರುತ್ತದೆ, ಯಾವ ಮುಖ ಮುಂದಿತ್ತು ಎಂದು ಫೋಟೋ ತೆಗೆದುಕೊಳ್ಳಿ. ಚೈನು ತೆಗೆದರೆ ಮತ್ತೆ ಹಾಕುವಾಗ ಎರಡು ಚಕ್ರದ ಚುಕ್ಕೆ ಗುರುತುಗಳು ಎದುರುಬದುರು ನಿಲ್ಲಬೇಕು.

ಎಣ್ಣೆ ಸೋರುವುದಕ್ಕೆ ಕಾರಣ ಹೆಚ್ಚಾಗಿ ಮೂರು: ಸೀಲು ಒಣಗಿರುವುದು, ಸೀಲು ಉಜ್ಜಿ ಪುಲ್ಲಿಯ ಕುತ್ತಿಗೆಯಲ್ಲಿ ಗೀರು ಬಿದ್ದಿರುವುದು, ಬೋಲ್ಟ್ ಅತಿಯಾಗಿ ಬಿಗಿದು ತಗಡು ತೂತಿನ ಸುತ್ತ ಉಬ್ಬಿರುವುದು. ಗೀರಿಗೆ ಉಗುರು ಸಿಕ್ಕಿಕೊಂಡರೆ ಹೊಸ ಸೀಲೂ ವ್ಯರ್ಥ, ಪುಲ್ಲಿಯನ್ನು ಲೇತಿಗೆ ಕೊಡಬೇಕು. ಭೋಸರಿ ಕಡೆ ಇಂಥ ಕೆಲಸಕ್ಕೆ ವರ್ಕ್‌ಶಾಪುಗಳಿಗೆ ಬರವಿಲ್ಲ. ಉಬ್ಬನ್ನು ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ತಟ್ಟಿ ಸಮ ಮಾಡಿ.

ಕೂರಿಸುವಾಗ ಹೊಸ ಪ್ಯಾಕಿಂಗ್ ಹಾಕಿ, ಬೋಲ್ಟುಗಳನ್ನು ಬೆರಳಲ್ಲಿ ತಿರುಗುವಷ್ಟೇ ಹಿಡಿಸಿ. ಪುಲ್ಲಿಗೆ ಎಣ್ಣೆ ಸವರಿ ಸೀಲಿನೊಳಗೆ ತೂರಿಸಿದರೆ ಕವರು ತಾನಾಗಿ ಮಧ್ಯಕ್ಕೆ ಬರುತ್ತದೆ. ಆಮೇಲೆ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಎಲ್ಲ ಇಂಚಿನ ಬೋಲ್ಟುಗಳು. ಎಂಎಂ ಸ್ಪ್ಯಾನರ್ ಹಾಕಿ ಮೂಲೆ ಸವೆಸಬೇಡಿ.

ಚಾಲೂ ಮಾಡಿ, ಇಂಜಿನ್ ಬಿಸಿಯಾದ ಮೇಲೆ ನಿಲ್ಲಿಸಿ, ರಾತ್ರಿಯಿಡೀ ಕೆಳಗೆ ಪೇಪರ್ ಹಾಸಿಡಿ. ವಾಕಡದ ಜೀಪಿನ ಪೇಪರಿನಲ್ಲಿ ಮೊದಲ ಬೆಳಿಗ್ಗೆ ಎರಡು ಹನಿ ಇತ್ತು. ಒಂದು ಬೋಲ್ಟ್ ಸಡಿಲವಿತ್ತಂತೆ. ಮರುದಿನದ ಪೇಪರನ್ನು ಅವರು ಸೊಸೈಟಿಯ ಸೆಕ್ರೆಟರಿಗೆ ಕೊಟ್ಟು ಬಂದಿದ್ದಾರೆ.